ಲಂಚವೋ, ಮಾಮೂಲೋ: ಪೀಪ್ಸ್ ಬದುಕನ್ನು ಕನ್ನಡದಲ್ಲಿ ಬರೆದ ನನ್ನ ಅನುಭವ

ನಮ್ಮ ಬಡಾವಣೆಯಲ್ಲಿ ನಿವೃತ್ತರದ್ದೊಂದು ಗುಂಪಿದೆ. ತಿಂಗಳಿಗೊಮ್ಮೆ ಸೇರುತ್ತೇವೆ. ಕಾಫಿ, ಕೋಡುಬಳೆ, ಆಮೇಲೆ ಯಾರಾದರೂ ಒಬ್ಬರದು ಮುಕ್ಕಾಲು ಗಂಟೆ ಮಾತು. ಮಂಡಿನೋವು, ಉಯಿಲು ಬರೆಯೋದು ಹೇಗೆ, ಕುಮಾರವ್ಯಾಸ, ಎಲ್ಲ ಆಗಿಹೋಗಿತ್ತು. ನನ್ನ ಸರದಿ ಬಂದಾಗ ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ: ಸ್ಯಾಮುಯಲ್ ಪೀಪ್ಸ್. ಯಾರದು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಇರಬೇಕು, ಯಾರೂ ಬೇಡ ಅನ್ನಲಿಲ್ಲ.

ಆ ಹೆಸರು ನನ್ನ ತಲೆಯಲ್ಲಿ ಕೂತಿದ್ದಕ್ಕೆ ಕಾರಣ ಶೀಘ್ರಲಿಪಿ. ನಾನು ಸರ್ಕಾರಿ ಕೆಲಸಕ್ಕೆ ಸೇರಿದ್ದು ಸ್ಟೆನೋ ಆಗಿ, ಆಮೇಲೆ ಬಹಳ ವರ್ಷ ಸ್ಟೋರ್ಸ್ ವಿಭಾಗದಲ್ಲಿದ್ದೆ. ಹುಡುಗನಾಗಿದ್ದಾಗ ಶಾರ್ಟ್‌ಹ್ಯಾಂಡ್ ಕಲಿಸುತ್ತಿದ್ದ ಮೇಷ್ಟ್ರು ಹೇಳುತ್ತಿದ್ದರು, "ಲಂಡನ್ನಿನಲ್ಲಿ ಒಬ್ಬ ಶಾರ್ಟ್‌ಹ್ಯಾಂಡಲ್ಲೇ ದಿನಚರಿ ಬರೆದಿಟ್ಟಿದ್ದ ಕಣ್ರೋ, ಹೆಂಡತಿಗೆ ಓದಕ್ಕೆ ಬರಬಾರದು ಅಂತ." ಅವರು ಅವನನ್ನು ಪೆಪಿಸ್ ಅನ್ನುತ್ತಿದ್ದರು. ನಾನೂ ನಲವತ್ತು ವರ್ಷ ಪೆಪಿಸ್ ಅಂತಲೇ ಅಂದುಕೊಂಡಿದ್ದೆ. ಬರೆಯಲು ಕೂತ ಮೊದಲ ವಾರವೇ ಅದು ಪೀಪ್ಸ್ ಅಂತ ತಿಳಿಯಿತು. ಮೂವತ್ತು ಹಾಳೆಯಲ್ಲಿ ತಿದ್ದಬೇಕಾಯಿತು.

ಮೊದಲ ಸಲ ಎಲ್ಲರ ಹಾಗೆ ಹುಟ್ಟಿನಿಂದ ಶುರು ಮಾಡಿದೆ. 1633ರ ಫೆಬ್ರುವರಿ 23, ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಪಕ್ಕದ ಒಂದು ಮನೆ. ಅಪ್ಪ ದರ್ಜಿ. ತಾಯಿ ಮದುವೆಗೆ ಮುಂಚೆ ದೊಡ್ಡವರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು. ಹುಡುಗ ಓದಿನಲ್ಲಿ ಚುರುಕು, ಕೇಂಬ್ರಿಜ್‌ನಲ್ಲಿ 1654ರಲ್ಲಿ ಬಿ.ಎ. ಮರುವರ್ಷ 14ರ ಹುಡುಗಿ ಎಲಿಜಬೆತ್ ಜೊತೆ ಮದುವೆ. 1658ರಲ್ಲಿ ಮೂತ್ರಕೋಶದ ಕಲ್ಲಿಗೆ ಆಪರೇಷನ್, ಅರಿವಳಿಕೆ ಇಲ್ಲದ ಕಾಲದಲ್ಲಿ. ಟೆನಿಸ್ ಚೆಂಡಿನಷ್ಟು ದೊಡ್ಡ ಕಲ್ಲು. ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದವರಿಗೆ ತೋರಿಸುತ್ತಿದ್ದ, ಪ್ರತಿವರ್ಷ ಆ ದಿನ ಊಟ ಹಾಕಿಸುತ್ತಿದ್ದ. ಬರೆದು ಹೆಂಡತಿಗೆ ಓದಿ ಹೇಳಿದೆ. "ಕಲ್ಲಿನ ವಿಷಯ ಚೆನ್ನಾಗಿದೆ ಕಣ್ರೀ, ಉಳಿದದ್ದು ಸ್ಕೂಲ್ ಪುಸ್ತಕದ ಹಾಗಿದೆ," ಅಂದಳು. ಅವಳು ಹೇಳಿದ್ದು ಸರಿಯೇ.

ಆ ಹಾಳೆಗಳನ್ನು ಪಕ್ಕಕ್ಕಿಟ್ಟು ಒಂದು ಲೆಡ್ಜರ್ ಪುಸ್ತಕ ತಂದೆ. ಪೀಪ್ಸ್‌ಗೆ ಒಂದು ಅಭ್ಯಾಸವಿತ್ತು. ತಿಂಗಳ ಕೊನೆಗೆ, ವರ್ಷದ ಕೊನೆಗೆ ಕೂತು ತನ್ನ ಆಸ್ತಿ ಎಷ್ಟಾಯಿತು ಅಂತ ಲೆಕ್ಕ ಹಾಕಿ ಬರೆಯುತ್ತಿದ್ದ. ಆ ಅಂಕಿಗಳನ್ನೆಲ್ಲ ಎಡಗಡೆ ಇಳಿಸಿದೆ, ಬಲಗಡೆ ಆಗ ಕಚೇರಿಯಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು. 1660ರ ಮಧ್ಯದಲ್ಲಿ ಹತ್ತಿರ ಹತ್ತಿರ 100 ಪೌಂಡ್. 1665ರ ಶುರುವಿನಲ್ಲಿ 1,300, ಅದೇ ವರ್ಷದ ಕೊನೆಗೆ 4,400. 1666ರ ಕೊನೆಗೆ 6,200. ಅವನ ಸಂಬಳ ವರ್ಷಕ್ಕೆ 350 ಪೌಂಡ್. ಸ್ಟೋರ್ಸ್‌ನಲ್ಲಿ ಕೆಲಸ ಮಾಡಿದವನಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾ? ಅಲ್ಲಿಂದ ಮುಂದೆ ನಾನು ಅವನನ್ನು ದಿನಚರಿಕಾರ ಅಂತ ಓದುವುದು ಬಿಟ್ಟೆ. ನಮ್ಮ ಪಕ್ಕದ ಟೇಬಲ್ಲಿನವನು ಅಂತ ಓದತೊಡಗಿದೆ.

ಮೊದಲ ತೊಡಕು ಹುದ್ದೆಯ ಹೆಸರು. 1660ರಲ್ಲಿ ಗಡೀಪಾರಾಗಿದ್ದ ಇಂಗ್ಲೆಂಡಿನ ಅರಸ ಎರಡನೇ ಚಾರ್ಲ್ಸ್‌ನನ್ನು ಕರೆತರಲು ಹೋದ ಹಡಗುಪಡೆಯಲ್ಲಿ ಪೀಪ್ಸ್ ಇದ್ದ. ಅವನನ್ನು ಕರೆದುಕೊಂಡು ಹೋದವನು ನೆಂಟ ಎಡ್ವರ್ಡ್ ಮೊಂಟೆಗ್ಯು. ಅರಸ ಬಂದ ಮೇಲೆ ಮೊಂಟೆಗ್ಯು ದೊಡ್ಡ ಮನುಷ್ಯನಾದ, ಜುಲೈ ತಿಂಗಳಲ್ಲಿ ಪೀಪ್ಸ್‌ಗೆ ನೌಕಾ ಮಂಡಳಿಯಲ್ಲಿ 'ಕ್ಲರ್ಕ್ ಆಫ್ ದಿ ಆಕ್ಟ್ಸ್' ಹುದ್ದೆ ಸಿಕ್ಕಿತು. ಗುಮಾಸ್ತ ಅಂತ ಬರೆದರೆ ತಪ್ಪಾಗುತ್ತದೆ. ಅವನೂ ಮಂಡಳಿಯ ಸದಸ್ಯರಲ್ಲೊಬ್ಬ, ಕಡತ, ಕಾಗದಪತ್ರ, ಕರಾರು ಎಲ್ಲ ಅವನ ಕೈಯಲ್ಲಿ. ಕಾರ್ಯದರ್ಶಿ ಅಂದರೆ ಇವತ್ತಿನ ಐಎಎಸ್ ಅಧಿಕಾರಿ ಕಣ್ಣಮುಂದೆ ಬರುತ್ತಾರೆ. ಎರಡು ದಿನ ಒದ್ದಾಡಿ 'ನೌಕಾ ಕಚೇರಿಯ ಶಿರಸ್ತೇದಾರ' ಅಂತ ಬರೆದೆ. ನೂರಕ್ಕೆ ನೂರು ಸರಿಯಲ್ಲ. ಆದರೆ ತಾಲ್ಲೂಕು ಕಚೇರಿ ನೋಡಿದ ಕನ್ನಡದವನಿಗೆ ಆ ಮನುಷ್ಯ ಎಂಥ ಜಾಗದಲ್ಲಿ ಕೂತಿದ್ದ ಅಂತ ತಟ್ಟನೆ ಗೊತ್ತಾಗುತ್ತದೆ.

ಆ ಜಾಗಕ್ಕೂ ಒಬ್ಬ ಹಳೇ ಹಕ್ಕುದಾರನಿದ್ದ. ಬಾರ್ಲೋ ಅಂತ, ಅರಸನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧಕ್ಕೆ ಮುಂಚೆ ಆ ಹುದ್ದೆಯಲ್ಲಿದ್ದವನು. ಅವನು ತಕರಾರು ಮಾಡದಿರಲಿ ಅಂತ ಪೀಪ್ಸ್ ಅವನಿಗೆ ವರ್ಷ ವರ್ಷ ಹಣ ಕೊಡಲು ಒಪ್ಪಿದ್ದ. ಸಂಬಳ ಏರಿದ ಮೇಲೆ ಅದು 100 ಪೌಂಡ್. 1665ರ ಫೆಬ್ರುವರಿಯಲ್ಲಿ ಬಾರ್ಲೋ ಸತ್ತ ಸುದ್ದಿ ಬರುತ್ತದೆ. ಪೀಪ್ಸ್ ಏನು ಬರೆಯುತ್ತಾನೆ ಗೊತ್ತಾ? ಯಾರ ಸಾವಿನಿಂದ ತನಗೆ ವರ್ಷಕ್ಕೆ 100 ಪೌಂಡ್ ಉಳಿಯುತ್ತದೋ ಅಂಥ ಪರಕೀಯನ ಬಗ್ಗೆ ಒಬ್ಬ ಮನುಷ್ಯ ಎಷ್ಟು ದುಃಖಪಡಬಹುದೋ ಅಷ್ಟು ದುಃಖ ತನಗೂ ಆಗಿದೆ, ದೇವರಿಗೇ ಗೊತ್ತು ಅಂತ. ಇದನ್ನು ಓದಿದ ದಿನ ನಾನು ಅವನಿಗೆ ಸೋತೆ.

ಇನ್ನೊಂದು ಮಾತು. ಕೆಲಸಕ್ಕೆ ಸೇರಿದ ಮರುತಿಂಗಳೇ ಮೊಂಟೆಗ್ಯು ಅವನಿಗೆ ಬುದ್ಧಿ ಹೇಳುತ್ತಾನೆ: ಯಾವ ಹುದ್ದೆಯಲ್ಲೂ ಮನುಷ್ಯ ಸಂಬಳದಿಂದ ಶ್ರೀಮಂತನಾಗುವುದಿಲ್ಲ, ಆ ಜಾಗದಲ್ಲಿ ಕೂತಾಗ ಹಣ ಮಾಡಿಕೊಳ್ಳುವ ಅವಕಾಶ ಬರುತ್ತದಲ್ಲ, ಅದರಿಂದ. ಇದು ಗುಟ್ಟಿನ ಮಾತೂ ಅಲ್ಲ, ಆ ಕಾಲದ ಇಂಗ್ಲೆಂಡಿನಲ್ಲಿ ಲೋಕಾರೂಢಿ. ಸಂಬಳ ಕಡಿಮೆ, ಬಂದರೂ ತಡ. ಉಳಿದದ್ದು ಶುಲ್ಕ, ಕಾಣಿಕೆ, ಉಡುಗೊರೆ.

ನನ್ನ ಬರವಣಿಗೆ ನಿಂತದ್ದು ಇಲ್ಲೇ. ಈ ಹಣಕ್ಕೆ ಕನ್ನಡದಲ್ಲಿ ಏನನ್ನಬೇಕು? ಎರಡು ಪ್ರಸಂಗ ಹೇಳುತ್ತೇನೆ, ನೀವೇ ನೋಡಿ.

1663ರ ಏಪ್ರಿಲ್ 3. ಕ್ಯಾಪ್ಟನ್ ಗ್ರೋವ್ ಅನ್ನುವವನು ದಾರಿಯಲ್ಲಿ ಸಿಕ್ಕಿ ಕೈಗೊಂದು ಕಾಗದ ಕೊಡುತ್ತಾನೆ. ಉತ್ತರ ಆಫ್ರಿಕಾದಲ್ಲಿ ಆಗ ಇಂಗ್ಲಿಷರ ಕೈಯಲ್ಲಿದ್ದ ಟ್ಯಾಂಜಿಯರ್‌ಗೆ ಹಡಗು ಬಾಡಿಗೆಗೆ ಗೊತ್ತುಮಾಡುವ ಕೆಲಸವನ್ನು ಪೀಪ್ಸ್ ಅವನಿಗೆ ಕೊಡಿಸಿದ್ದ. ಕಾಗದದೊಳಗೆ ಹಣವಿದೆ ಅಂತ ಕೈಗೆ ಗೊತ್ತಾಗುತ್ತದೆ. ಅಲ್ಲಿ ಒಡೆಯುವುದಿಲ್ಲ. ಕಚೇರಿಗೆ ಬಂದು, ಒಡೆದು, ಒಳಗೆ ನೋಡದೆಯೇ ಲಕೋಟೆಯನ್ನು ಬೋರಲು ಮಾಡಿ ಹಣವನ್ನೆಲ್ಲ ಕೆಳಗೆ ಸುರಿಯುತ್ತಾನೆ. ಆಮೇಲೆ ಕಾಗದ ನೋಡುತ್ತಾನೆ. ಯಾಕೆ? ನಾಳೆ ಯಾರಾದರೂ ವಿಚಾರಣೆ ಮಾಡಿದರೆ, "ಕಾಗದದಲ್ಲಿ ನಾನು ಹಣ ಕಾಣಲಿಲ್ಲ" ಅಂತ ಪ್ರಮಾಣ ಮಾಡಿ ಹೇಳಬಹುದಲ್ಲ! ಒಂದು ಚಿನ್ನದ ನಾಣ್ಯ, 4 ಪೌಂಡ್ ಬೆಳ್ಳಿ.

ಇನ್ನೊಂದು 1664ರ ಫೆಬ್ರುವರಿಯಲ್ಲಿ. ಸರ್ ವಿಲಿಯಂ ವಾರನ್, ನೌಕಾಪಡೆಗೆ ಮರ ಸರಬರಾಜು ಮಾಡುವ ದೊಡ್ಡ ವ್ಯಾಪಾರಿ. "ನಿಮ್ಮ ಮನೆಯವರಿಗೆ" ಅಂತ ಒಂದು ಜೊತೆ ಕೈಗವಸು ಕೊಡುತ್ತಾನೆ, ಕಾಗದದಲ್ಲಿ ಸುತ್ತಿ. ಮುಟ್ಟಿದರೆ ಗಟ್ಟಿ. ಪೀಪ್ಸ್ ಬಿಚ್ಚುವುದಿಲ್ಲ, ಹೆಂಡತಿ ಪರವಾಗಿ ಥ್ಯಾಂಕ್ಸ್ ಹೇಳಿ ಮನೆಗೆ ಬರುತ್ತಾನೆ. ಮನೆಯಲ್ಲಿ ಹೆಂಡತಿ ಕೋಣೆಯಲ್ಲೇ ಇದ್ದಾಳೆ. ಹೊರಗೆ ಹೋಗು ಅನ್ನುವ ಹಾಗಿಲ್ಲ, ಅವಳು ಹೋಗುವವರೆಗೆ ಇವನಿಗೆ ತಡೆಯಲಾಗುತ್ತಿಲ್ಲ. ಕೊನೆಗೂ ಹೋದಳು. ಬಿಚ್ಚಿದರೆ ಬಿಳೀ ಕೈಗವಸು, ಜೊತೆಗೆ 40 ಚಿನ್ನದ ನಾಣ್ಯ. ಖುಷಿಗೆ ಆವತ್ತು ಊಟವೇ ಸೇರಲಿಲ್ಲವಂತೆ.

ಮೊದಲು 'ಲಂಚ' ಅಂತ ಬರೆದೆ. ಓದಿದರೆ ಪೀಪ್ಸ್ ಸಿನಿಮಾದ ಖಳನಾಯಕನ ಹಾಗೆ ಕಾಣುತ್ತಿದ್ದ. 'ಉಡುಗೊರೆ' ಅಂತ ತಿದ್ದಿದೆ. ಆಗ ನಾನೇ ಅವನ ವಕೀಲನಾದ ಹಾಗಿತ್ತು. ಲಕೋಟೆ ಬೋರಲು ಮಾಡಿದವನಿಗೆ ಅದು ಬರೀ ಉಡುಗೊರೆಯಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಒಂದು ವಾರ ಆ ಪದದ ಜಾಗ ಖಾಲಿ ಬಿಟ್ಟೇ ಮುಂದೆ ಬರೆದೆ.

ಆಮೇಲೆ ನನ್ನದೇ ಒಂದು ಹಳೇ ಪ್ರಸಂಗ ನೆನಪಾಯಿತು. ಹೊಸವರ್ಷಕ್ಕೆ ಸರಬರಾಜುದಾರರು ಡೈರಿ, ಕ್ಯಾಲೆಂಡರ್ ತಂದುಕೊಡುವುದು ವಾಡಿಕೆ. ಒಂದು ವರ್ಷ ಒಬ್ಬರು ಕೊಟ್ಟ ಡೈರಿ ಕೈಗೆ ಸ್ವಲ್ಪ ಉಬ್ಬಿದ ಹಾಗಿತ್ತು. ಬಿಚ್ಚದೆ ವಾಪಸ್ ಕೊಟ್ಟೆ. ಅವರು ಒಂಚೂರೂ ಬೇಜಾರಿಲ್ಲದೆ, "ಸಾರ್, ಇದು ಮಾಮೂಲು, ಎಲ್ಲರಿಗೂ ಕೊಡ್ತೀವಿ," ಅಂದರು. ಬೇರೆ ಡೈರಿ ತಂದುಕೊಟ್ಟರು, ಅದನ್ನು ತೆಗೆದುಕೊಂಡೆ. ಮಾಮೂಲು! ಆ ಪದದಲ್ಲಿ ಎಲ್ಲ ಇದೆ. ತಪ್ಪು ಅಂತ ಗೊತ್ತು, ಎಲ್ಲರೂ ಮಾಡುತ್ತಾರೆ ಅಂತಲೂ ಗೊತ್ತು, ಕೊಟ್ಟವನಿಗೂ ಇಸಕೊಂಡವನಿಗೂ ಅದರ ರೇಟು ಗೊತ್ತು. ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ ಖಾಲಿ ಜಾಗಗಳಲ್ಲೆಲ್ಲ 'ಮಾಮೂಲು' ತುಂಬಿದೆ.

ಆದರೆ ಮಾಮೂಲು ತಿಂದವನು ಕೆಲಸಗಳ್ಳನಾಗಿರಲಿಲ್ಲ, ವಿಚಿತ್ರ ಅಂದರೆ ಅದು. ಕೇಂಬ್ರಿಜ್ ಪದವೀಧರನಿಗೆ ಮಗ್ಗಿ ಬರುತ್ತಿರಲಿಲ್ಲ! ಆಗ ಲ್ಯಾಟಿನ್ ಕಲಿತರೆ ಸಾಕಿತ್ತು. 29ನೇ ವಯಸ್ಸಿನಲ್ಲಿ, 1662ರ ಜುಲೈಯಲ್ಲಿ, ಕೂಪರ್ ಅನ್ನುವ ಹಡಗಿನವನನ್ನು ಗೊತ್ತುಮಾಡಿಕೊಂಡು ಮಗ್ಗಿ ಕಲಿಯಲು ಕೂತ. ಬೆಳಗಿನ ಜಾವ 4 ಗಂಟೆಗೆ ಎದ್ದು ಉರುಹೊಡೆಯುತ್ತಿದ್ದ. ಲೆಕ್ಕ ಬಾರದಿದ್ದರೆ ಮರದ ವ್ಯಾಪಾರಿ ಹೇಳಿದ್ದೇ ಅಳತೆ ಅಂತ ಅವನಿಗೆ ಅರ್ಥವಾಗಿತ್ತು. ಆಗಸ್ಟ್‌ನಲ್ಲಿ ಹಡಗು ಕಟ್ಟುವ ಆಂಟನಿ ಡೀನ್ ಜೊತೆ ಕಾಡಿಗೇ ಹೋಗಿ, ಮರದ ಅಳತೆಯಲ್ಲಿ ಅರಸನ ಖಜಾನೆಗೆ ಹೇಗೆ ಟೋಪಿ ಹಾಕುತ್ತಾರೆ ಅಂತ ನೋಡಿಕೊಂಡು ಬಂದ. ಅದಕ್ಕೆ ಮುಂಚೆ ಹಗ್ಗದ ಕಾರ್ಖಾನೆಯಲ್ಲಿ ನೂಲು ಬಿಚ್ಚಿಸಿ ನೋಡಿದ್ದ. ಮೇಲೆ ಹೊಸ ಸೆಣಬು, ಒಳಗೆ ಡಾಂಬರು ಹಚ್ಚಿದ ಹಳೇ ಸರಕು. ಇದನ್ನು ಓದುವಾಗ ನನಗೆ ನಗು ಬಂತು. ಮೇಲಿನ ನಾಲ್ಕು ಬಂಡಲ್ ಐಎಸ್‌ಐ ಮಾರ್ಕಿನದು, ಕೆಳಗಿನದು ದೇವರೇ ಗತಿ, ಇಂಥ ಲೋಡು ಎಷ್ಟು ಸಲ ಇಳಿಸಿಕೊಂಡಿಲ್ಲ!

ಈಗ ನನ್ನ ತಪ್ಪುಗಳ ವಿಷಯ. ಇಂಥದ್ದನ್ನು ಬರೆಯಲು ಹೊರಟವರಿಗೆ ಉಪಯೋಗಕ್ಕೆ ಬರಬಹುದು.

ಮೊದಲನೆಯದು ತಾರೀಖು. ನೌಕಾ ಕಚೇರಿಯ ಮೇಲೆ ಬಂದ ದೂರುಗಳಿಗೆ ಪೀಪ್ಸ್ ಸಂಸತ್ತಿನಲ್ಲಿ ಉತ್ತರ ಕೊಟ್ಟದ್ದು ಮಾರ್ಚ್ 5. ನನ್ನ ಲೆಡ್ಜರ್‌ನಲ್ಲಿ 1667 ಅಂತ ಬರೆದುಕೊಂಡಿದ್ದೆ. ಆಗ ಇಂಗ್ಲೆಂಡಿನ ಜೊತೆ ಯುದ್ಧದಲ್ಲಿದ್ದ ಡಚ್ಚರು ಮೆಡ್‌ವೇ ನದಿಯೊಳಕ್ಕೆ ನುಗ್ಗಿ, ಹಡಗುಗಳಿಗೆ ಬೆಂಕಿಯಿಟ್ಟು, 'ರಾಯಲ್ ಚಾರ್ಲ್ಸ್' ಹಡಗನ್ನೇ ಎಳೆದುಕೊಂಡು ಹೋದದ್ದು 1667ರ ಜೂನ್. ಅನಾಹುತ ಆಗುವುದಕ್ಕೆ ಮೂರು ತಿಂಗಳು ಮುಂಚೆಯೇ ಸಮಜಾಯಿಷಿ ಕೊಟ್ಟನಾ? ತಲೆ ಕೆಟ್ಟುಹೋಯಿತು. ಆಮೇಲೆ ತಿಳಿಯಿತು, ಆಗಿನ ಇಂಗ್ಲೆಂಡಿನಲ್ಲಿ ಸರ್ಕಾರಿ ಲೆಕ್ಕದ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೆಚ್ಚು ಕಡಿಮೆ ನಮ್ಮ ಯುಗಾದಿ ಹೊತ್ತಿಗೆ. ಹಾಗಾಗಿ ಜನವರಿ, ಫೆಬ್ರುವರಿ, ಮಾರ್ಚ್ ತಿಂಗಳ ತಾರೀಖುಗಳನ್ನು 1667-68 ಅಂತ ಜೋಡಿಯಾಗಿ ಅಚ್ಚು ಹಾಕಿರುತ್ತಾರೆ, ನಮ್ಮ ಲೆಕ್ಕಕ್ಕೆ ಎರಡನೆಯದು ಹಿಡಿಯಬೇಕು. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಹುಟ್ಟಿದಾಗಿನಿಂದ ನೋಡಿದ ನಾನು ಇದನ್ನು ಊಹಿಸಬೇಕಿತ್ತು. ಲೆಡ್ಜರಿನ ನಾಲ್ಕು ಪುಟ ಹರಿದು ಮತ್ತೆ ಬರೆದೆ.

ಆ ಮಾರ್ಚ್ 5ರ ಬೆಳಗ್ಗೆ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗಲಾಟೆಯ ಮೂಲ ಸಂಬಳದ ಚೀಟಿ. ಖಜಾನೆಯಲ್ಲಿ ಹಣವಿಲ್ಲ, ಹಾಗಾಗಿ ನಾವಿಕರಿಗೆ ನಗದಿನ ಬದಲು ಚೀಟಿ ಕೊಡುತ್ತಿದ್ದರು. ಹೊಟ್ಟೆಗಿಲ್ಲದ ನಾವಿಕರು ಅದನ್ನು ದಲ್ಲಾಳಿಗಳಿಗೆ ಕಡಿಮೆ ಬೆಲೆಗೆ ಮಾರುತ್ತಿದ್ದರು. 1666ರ ಜುಲೈಯಲ್ಲಿ 300ಕ್ಕೂ ಹೆಚ್ಚು ಹೆಂಗಸರು ಕಚೇರಿಯ ಅಂಗಳಕ್ಕೆ ಬಂದು, ಗಂಡಂದಿರ ಸಂಬಳ ಕೊಡಿ ಅಂತ ಶಾಪ ಹಾಕಿದ್ದರು. ಈಗ ಸಂಸತ್ತು ಲೆಕ್ಕ ಕೇಳುತ್ತಿದೆ, ಉತ್ತರ ಕೊಡುವವನು ಪೀಪ್ಸ್. ಇನ್ನೂ ಸಂಸದನಾಗಿರಲಿಲ್ಲ, ಕಟಕಟೆಯಲ್ಲಿ ನಿಂತು ಹೇಳಬೇಕು. ಹೆದರಿಕೆಗೆ ಹತ್ತಿರದ ಹೋಟೆಲಿಗೆ ಹೋಗಿ ಬೆಚ್ಚಗಿನ ಮದ್ಯ ಅರ್ಧ ಪಿಂಟ್ ಕುಡಿದ, ಅದು ಸಾಲದೆ ಮೇಲೊಂದು ಗುಟುಕು ಬ್ರಾಂಡಿ. ಆಮೇಲೆ ಹನ್ನೊಂದೂವರೆ ಸುಮಾರಿಗೆ ನಿಂತವನು ಮೂರು ಗಂಟೆ ದಾಟುವವರೆಗೆ ಮಾತಾಡಿದ. ಸದಸ್ಯರು ತೆಪ್ಪಗೆ ಕೇಳಿದರು. ಮರುದಿನ ಅರಸನೇ ಶಹಭಾಸ್ ಅಂದ. ಮೂರೂವರೆ ಗಂಟೆ ಹಿಡಿಯುವಷ್ಟು ಸರಕು ಅವನಿಗೆ ಸಿಕ್ಕಿದ್ದು ಎಂಟು ವರ್ಷ ಕಡತಗಳನ್ನು ತಾನೇ ಓದಿದ್ದರಿಂದ. ಮೇಲಧಿಕಾರಿ ಕೇಳಿದಾಗ ಫೈಲ್ ಹುಡುಕಿ ಓಡಿದವರಿಗೆ ಗೊತ್ತು ಇದರ ಬೆಲೆ.

ಎರಡನೇ ತಪ್ಪು ಇನ್ನೂ ದೊಡ್ಡದು. ನಾನು ಓದುತ್ತಿದ್ದದ್ದು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ 19ನೇ ಶತಮಾನದ ಅಚ್ಚು. ಅಲ್ಲಲ್ಲಿ ಚುಕ್ಕಿ ಚುಕ್ಕಿ ಚುಕ್ಕಿ. ಕಾಗದ ಹರಿದಿರಬೇಕು ಅಂದುಕೊಂಡಿದ್ದೆ. ಮಗಳು ತರಿಸಿಕೊಟ್ಟ ಪೂರ್ತಿ ಪಾಠ ನೋಡಿದ ಮೇಲೆ ಗೊತ್ತಾಯಿತು, ಆ ಕಾಲದ ಸಂಪಾದಕರು ನಾಚಿಕೊಂಡು ಬಿಟ್ಟ ಭಾಗಗಳವು. ಪೂರ್ತಿ ಪಾಠ ಅಚ್ಚಾದದ್ದು 1970ರಿಂದ 1983ರ ನಡುವೆ. ಅದರಲ್ಲಿ ಬ್ಯಾಗ್‌ವೆಲ್ ಅನ್ನುವ ಹಡಗಿನ ಬಡಗಿಯ ಹೆಂಡತಿಯ ಕಥೆ ಬರುತ್ತದೆ. ಗಂಡನಿಗೆ ಒಳ್ಳೇ ಕೆಲಸ ಕೊಡಿಸಿ ಅಂತ ಕೇಳಲು ಬಂದವಳು. ಅವಳನ್ನು ಪೀಪ್ಸ್ ಹೇಗೆ ಬಳಸಿಕೊಂಡ, ಅವಳು ಬೇಡ ಅಂದಾಗಲೂ ಹೇಗೆ ಬಲವಂತ ಮಾಡಿದ ಅನ್ನುವುದನ್ನು ಅವನೇ ಬರೆದಿದ್ದಾನೆ, ಸ್ಪ್ಯಾನಿಶ್, ಫ್ರೆಂಚ್ ಪದಗಳನ್ನು ಕಲಸಿ. ಮನೆಯಲ್ಲಿ ಎಲಿಜಬೆತ್‌ಗೆ ಜೊತೆಗಾತಿಯಾಗಿದ್ದ ಡೆಬ್ ಎಂಬ ಹುಡುಗಿಯ ಕಥೆ ಬೇರೆ. 1668ರ ಅಕ್ಟೋಬರ್‌ನಲ್ಲಿ ಹೆಂಡತಿಯೇ ಒಳಗೆ ಬಂದು ನೋಡಿಬಿಟ್ಟಳು.

ಅಷ್ಟು ದಿನ ನನ್ನ ಪಕ್ಕದ ಟೇಬಲ್ಲಿನವನ ಹಾಗಿದ್ದ ಮನುಷ್ಯನ ಮುಖ ನೋಡಲು ಮನಸ್ಸಾಗಲಿಲ್ಲ. ಹದಿನೈದು ದಿನ ಲೆಡ್ಜರ್ ಮುಟ್ಟಲಿಲ್ಲ. ಹಿರಿಯರ ಗುಂಪು, ಹೆಂಗಸರೂ ಇರುತ್ತಾರೆ, ಇದನ್ನು ಬಿಟ್ಟುಬಿಡಿ ಅಂತ ಒಬ್ಬ ಗೆಳೆಯರು ಅಂದರು. ಬಿಟ್ಟರೆ ನಾನೂ ಚುಕ್ಕಿ ಇಟ್ಟ ಹಾಗಾಗುತ್ತದೆ, ಅಲ್ವಾ? ವಾರನ್ ಕೊಟ್ಟದ್ದು ಮಾಮೂಲಾದರೆ, ಬಡಗಿಯ ಹೆಂಡತಿಯಿಂದ ಕಿತ್ತುಕೊಂಡದ್ದಕ್ಕೆ ಆ ಪದ ಸಾಲದು. ಅಲ್ಲಿ ಪದದ ಹುಡುಕಾಟವೇ ಬೇಕಾಗಲಿಲ್ಲ. ಅತ್ಯಾಚಾರ ಅಂತ ಬರೆದೆ. ಕೆಲಸ ಕೊಡಿಸುವ ಅಧಿಕಾರ ಕೈಯಲ್ಲಿದ್ದದ್ದರಿಂದ ನಡೆದದ್ದು ಅಂತಲೂ ಬರೆದೆ.

ಆಗ ಲಂಡನ್ನಿಗೆ ಬಂದ ಪ್ಲೇಗು, ಊರನ್ನು ಸುಟ್ಟ ಬೆಂಕಿ ಬಗ್ಗೆ ಜಾಸ್ತಿ ಬರೆಯಲಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. 1666ರ ಸೆಪ್ಟೆಂಬರ್ ಬೆಂಕಿಯಲ್ಲಿ ತೋಟದಲ್ಲಿ ಗುಂಡಿ ತೋಡಿ ವೈನು ಮತ್ತು ಪಾರ್ಮೆಸಾನ್ ಚೀಸ್ ಹೂತಿಟ್ಟದ್ದನ್ನು ಮಾತ್ರ ಉಳಿಸಿಕೊಂಡೆ. ನಮ್ಮ ಗುಂಪಿನಲ್ಲಿ ಶಿರಸಿ ಕಡೆಯವರೊಬ್ಬರು ಇದ್ದಾರೆ, ಅವರಿಗೋಸ್ಕರ ಒಂದು ಸಾಲು ಸೇರಿಸಿದೆ. 1665ರ ನವೆಂಬರ್‌ನಲ್ಲಿ ಹಿಡಿದುತಂದ ಡಚ್ ಹಡಗುಗಳ ಒಳಗೆ ಪೀಪ್ಸ್ ಇಳಿದಾಗ, ಕಾಲಿಟ್ಟಲ್ಲೆಲ್ಲ ಕಾಳುಮೆಣಸು, ಮೊಣಕಾಲು ಮುಳುಗುವಷ್ಟು ಲವಂಗ, ಜಾಯಿಕಾಯಿ. ಹೆಂಡತಿಯ ಓದುವ ಕೋಣೆಗೆ ಹೊದಿಸಲು ಇವನು ಕೊಂಡುತಂದದ್ದೂ ಇಂಡಿಯಾದ ಚೀಟಿ ಬಟ್ಟೆಯೇ.

ಶೀಘ್ರಲಿಪಿಗೂ ಒಂದು ತಿಂಗಳು ಹೋಯಿತು. ಅವನು ಬಳಸಿದ್ದು ಶೆಲ್ಟನ್ ಪದ್ಧತಿ. ನಾನು ಕಲಿತ ಪಿಟ್‌ಮನ್‌ನಲ್ಲಿ ಗೆರೆ ದಪ್ಪವೋ ಸಣ್ಣವೋ ಅನ್ನುವುದರ ಮೇಲೆ ಅಕ್ಷರ ಬದಲಾಗುತ್ತದೆ. ಶೆಲ್ಟನ್‌ನಲ್ಲಿ ಮುಂದಿನ ವ್ಯಂಜನವನ್ನು ಮೇಲೆ, ಪಕ್ಕ, ಕೆಳಗೆ ಎಲ್ಲಿ ಬರೆಯುತ್ತೀರಿ ಅನ್ನುವುದರ ಮೇಲೆ ನಡುವಿನ ಸ್ವರ ಯಾವುದು ಅಂತ ಗೊತ್ತಾಗುತ್ತದೆ. ನನ್ನ ಹೆಸರು ಬರೆದು ನೋಡಿದೆ, ಚೆನ್ನಾಗಿಯೇ ಬಂತು. 1819ರಿಂದ ಮೂರು ವರ್ಷ ಕೂತು ಈ ದಿನಚರಿ ಬಿಡಿಸಿದ ಜಾನ್ ಸ್ಮಿತ್ ಅನ್ನುವ ಬಡ ವಿದ್ಯಾರ್ಥಿಗೆ, ಆ ಲಿಪಿಯ ಕೈಪಿಡಿ ದಿನಚರಿ ಇದ್ದ ಗ್ರಂಥಾಲಯದಲ್ಲೇ ಇದೆ ಅಂತ ಯಾರೂ ಹೇಳಲಿಲ್ಲ. ಪಾಪ.

ದಿನಚರಿ 1669ರ ಮೇ 31ಕ್ಕೆ ನಿಲ್ಲುತ್ತದೆ. ಕಣ್ಣು ಹೋಗುತ್ತಿದೆ ಅನ್ನುವ ಭಯಕ್ಕೆ ನಿಲ್ಲಿಸಿದ. ಅದೇ ನವೆಂಬರ್‌ನಲ್ಲಿ ಎಲಿಜಬೆತ್ ತೀರಿಕೊಂಡಳು. ಆಮೇಲೆ ಇನ್ನೂ 34 ವರ್ಷ ಬದುಕಿದ ಅನ್ನುವುದು ಎಷ್ಟೋ ಜನಕ್ಕೆ ಮರೆತೇಹೋಗಿರುತ್ತದೆ. ನಿಜವಾದ ರಾಜಕೀಯ ಇರುವುದು ಅಲ್ಲೇ. 1673ರಲ್ಲಿ ಇಡೀ ನೌಕಾಪಡೆಯನ್ನು ನೋಡಿಕೊಳ್ಳುವ ಅಡ್ಮಿರಾಲ್ಟಿಯ ಕಾರ್ಯದರ್ಶಿ, ಅದೇ ವರ್ಷ ಕಾಸಲ್ ರೈಸಿಂಗ್ ಕ್ಷೇತ್ರದಿಂದ ಸಂಸದ, ಆಮೇಲೆ ಹಾರ್ವಿಚ್‌ನಿಂದ. 1677ರಲ್ಲಿ ಲೆಫ್ಟಿನೆಂಟ್ ಆಗಬೇಕಾದರೆ ಪರೀಕ್ಷೆ ಪಾಸಾಗಬೇಕು ಅಂತ ನಿಯಮ ತಂದ. ದೊಡ್ಡವರ ಮಕ್ಕಳಿಗೆ ಅದು ಹಿಡಿಸಿರಲಾರದು. 1679ರ ಮೇ ತಿಂಗಳಲ್ಲಿ ಫ್ರಾನ್ಸಿಗೆ ನೌಕಾ ಗುಟ್ಟು ಮಾರಿದ, ಒಳಗೊಳಗೇ ಕ್ಯಾಥೊಲಿಕ್ ಅಂತ ಆಪಾದನೆ ಹೊರಿಸಿ ಸೆರೆಮನೆಯಾಗಿದ್ದ ಲಂಡನ್ ಟವರ್‌ಗೆ ಹಾಕಿದರು. ಸಾಕ್ಷಿ ಹೇಳಿದವರಲ್ಲಿ ಒಬ್ಬ ಜಾನ್ ಸ್ಕಾಟ್ ಅನ್ನುವ ಮೋಸಗಾರ, ಇನ್ನೊಬ್ಬ ಪೀಪ್ಸ್ ಕೆಲಸದಿಂದ ತೆಗೆದುಹಾಕಿದ್ದ ಅವನದೇ ಮನೆಯ ಬಟ್ಲರ್. ಪೀಪ್ಸ್ ಕೂಗಾಡಲಿಲ್ಲ. ಯುರೋಪೆಲ್ಲ ಜನ ಕಳಿಸಿ ಸ್ಕಾಟ್‌ನ ಹಳೇ ಮೋಸಗಳ ದಾಖಲೆ ಒಟ್ಟುಮಾಡಿ ಕಡತ ಕಟ್ಟಿದ. ಅದೇ ಎರಡು ಸಂಪುಟವಾಯಿತು. 1680ಕ್ಕೆ ಕೇಸು ಬಿದ್ದುಹೋಯಿತು. 1684ರಲ್ಲಿ ಮತ್ತೆ ಅಡ್ಮಿರಾಲ್ಟಿಗೆ ಬಂದ, ಜೊತೆಗೆ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಅಧ್ಯಕ್ಷ. ಹೀಗಾಗಿಯೇ ನ್ಯೂಟನ್ನನ 'ಪ್ರಿನ್ಸಿಪಿಯಾ' ಪುಸ್ತಕದ ಮುಖಪುಟದಲ್ಲಿ, ಅಚ್ಚಿಗೆ ಒಪ್ಪಿಗೆ ಕೊಟ್ಟವನಾಗಿ, ಮಗ್ಗಿ ಬಾರದಿದ್ದ ಈ ಮನುಷ್ಯನ ಹೆಸರಿದೆ. 1689ರಲ್ಲಿ ಅರಸ ಬದಲಾದ, ಇವನು ರಾಜೀನಾಮೆ ಕೊಟ್ಟ. 1703ರ ಮೇ 26ರಂದು ಲಂಡನ್ ಹೊರಗಿನ ಕ್ಲಾಪಂನಲ್ಲಿ ತೀರಿಕೊಂಡ.

ಈ ಭಾಗ ಬರೆಯುವುದು ಕಷ್ಟವಾಯಿತು. ದಿನಚರಿ ಇಲ್ಲ, ಅವನ ದನಿ ಇಲ್ಲ, ಬರೀ ಕಡತ. ಮೂರು ಸಲ ಬರೆದರೂ ಸೇವಾಪುಸ್ತಕದ ಹಾಗೆ ಬಂತು. ಕೊನೆಗೆ ಹಾಗೇ ಬಿಟ್ಟೆ.

ಮಾತಿನ ದಿನ ಮುಕ್ಕಾಲು ಗಂಟೆಗೆ ಬದಲು ಒಂದೂಕಾಲು ಗಂಟೆ ಆಯಿತು. ಬಡಗಿಯ ಹೆಂಡತಿಯ ವಿಷಯ ಹೇಳುವಾಗ ನನ್ನ ಗಂಟಲು ಒಣಗಿತ್ತು, ಯಾರೂ ಎದ್ದು ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಹೆಡ್‌ಮಿಸ್ ಒಬ್ಬರು, "ಆ ಹೆಂಗಸಿನ ಹೆಸರೇನು?" ಅಂತ ಕೇಳಿದರು. ದಿನಚರಿಯಲ್ಲಿ ಅವಳು ಕೊನೆಯವರೆಗೂ ಬ್ಯಾಗ್‌ವೆಲ್‌ನ ಹೆಂಡತಿಯೇ, ಹೆಸರಿಲ್ಲ ಅಂದೆ. ಅವರು ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಕಡೆಗೆ ಒಂದು ಅಂಕಿ ಓದಿದೆ. ಪೀಪ್ಸ್ ಸಾಯುವಾಗ ಸರ್ಕಾರ ಅವನಿಗೆ ಕೊಡಬೇಕಾಗಿದ್ದ ಬಾಕಿ: 28,007 ಪೌಂಡ್, 2 ಶಿಲ್ಲಿಂಗ್, 1¼ ಪೆನ್ಸ್. ರೂಪಾಯಿ, ಆಣೆ, ಪೈ ಲೆಕ್ಕ ಗೊತ್ತಿದ್ದ ಹಿರಿಯರು ಆ ಕಾಲು ಪೆನ್ನಿಗೆ ಜೋರಾಗಿ ನಕ್ಕರು. ತಕ್ಷಣ ಹಿಂದಿನ ಸಾಲಿನಿಂದ ಕೈ ಎದ್ದಿತು, ಅರಿಯರ್ಸ್‌ಗಾಗಿ ನಾಲ್ಕು ವರ್ಷ ಓಡಾಡಿದವರದ್ದು.

"ಸಾರ್, ಕೊನೆಗೂ ಕೊಟ್ರಾ?"

"ಇಲ್ಲ," ಅಂದೆ.

"ಬಡ್ಡಿ ಬಿಡಿ, ಅಸಲೂ ಇಲ್ವಾ?"

"ಅಸಲೂ ಇಲ್ಲ."

ಖಜಾನೆ ಇಲಾಖೆಯಲ್ಲಿದ್ದ ರಾಯರು ಕೋಡುಬಳೆ ಮುರಿಯುತ್ತಾ ಅಂದರು, "ಏನೋ ಅಬ್ಜೆಕ್ಷನ್ ಹಾಕಿ ಇಟ್ಟಿರ್ತಾರೆ ಬಿಡಿ."